ಮದುವೆಯಾಗಿ ಗಂಡನ ಮನೆಗೆ ಹೋದರು, ಸನ್ನದು ಸಿಗಲಿಲ್ಲ

1986ರ ಫೆಬ್ರುವರಿಯಲ್ಲಿ ಮರ್ನಾ ಫ್ರೀಡ್‌ಮನ್ ಎಂಬ ವಕೀಲರು ಮದುವೆಯಾಗಿ ಗಂಡನ ಮನೆ ಸೇರಿದರು. ಆ ಮನೆ ಇದ್ದದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಚೆವರ್ಲಿ ಎಂಬ ಊರಿನಲ್ಲಿ. ಅವರ ಆಫೀಸು ವರ್ಜೀನಿಯಾ ರಾಜ್ಯದ ವಿಯೆನ್ನಾದಲ್ಲಿ. ನಡುವೆ ವಾಷಿಂಗ್ಟನ್ ನಗರ, ಪೊಟೊಮ್ಯಾಕ್ ನದಿ. ನಮ್ಮ ಲೆಕ್ಕದಲ್ಲಿ ವೈಟ್‌ಫೀಲ್ಡಿನಲ್ಲಿ ಮನೆ, ಕೆಂಗೇರಿಯಲ್ಲಿ ಕೆಲಸ ಅಂದುಕೊಳ್ಳಿ. ದಿನಾ ಓಡಾಡೋದು ಬೇಸರ, ಆದರೆ ಆಗದ ಮಾತಲ್ಲ.

ಜೂನ್ ತಿಂಗಳಲ್ಲಿ ಅವರು ವರ್ಜೀನಿಯಾದಲ್ಲಿ ವಕೀಲಿ ಸನ್ನದಿಗೆ, ಅಂದರೆ ವಕೀಲಿ ಮಾಡುವ ಪರವಾನಗಿಗೆ, ಅರ್ಜಿ ಹಾಕಿದರು. ಆಗುವುದಿಲ್ಲ ಎಂಬ ಉತ್ತರ ಬಂತು. ನೀವೀಗ ವರ್ಜೀನಿಯಾದ ಕಾಯಂ ನಿವಾಸಿಯಲ್ಲ ಎಂದರು. ಮದುವೆಗೆ ಮುಂಚೆ ಒಂಬತ್ತು ವರ್ಷದಷ್ಟು ಕಾಲ ಅವರು ಅದೇ ರಾಜ್ಯದಲ್ಲಿ ಇದ್ದವರು. ಮದುವೆಯ ಮುಂಚೆಯೇ ಅರ್ಜಿ ಹಾಕಿದ್ದರೆ ಈ ತಕರಾರು ಬರುತ್ತಲೇ ಇರಲಿಲ್ಲ. ಕೆಲಸ ಅದೇ, ಕುರ್ಚಿ ಅದೇ. ಹಾಸಿಗೆ ದಿಂಬು ಮಾತ್ರ ನದಿಯಾಚೆ ಹೋಗಿತ್ತು.

ಎರಡು ಮೂರು ರಾಜ್ಯಗಳ ಸನ್ನದು ಇಟ್ಟುಕೊಂಡ ವಕೀಲರ ವೃತ್ತಿ ಹೇಗಿರುತ್ತದೆ ಎಂದು ತೋರಿಸಲು ನಾನು ಈ ಪ್ರಕರಣವನ್ನೇ ಆರಿಸಿಕೊಂಡೆ. ದೊಡ್ಡ ಹಗರಣ ಏನೂ ಇದರಲ್ಲಿ ಇಲ್ಲ. ಒಬ್ಬರ ವಿಳಾಸ ಬದಲಾಯಿತು. ಅಷ್ಟಕ್ಕೇ ಅದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ನಮ್ಮ ಕಡೆಯವರಿಗೆ ಇದು ಸ್ವಲ್ಪ ವಿಚಿತ್ರ ಅನಿಸಬಹುದು. ಹೊಸೂರಿನಲ್ಲಿ ಮನೆ ಮಾಡಿಕೊಂಡು ಆನೇಕಲ್ ಕೋರ್ಟಿಗೆ ಬರುವ ವಕೀಲರನ್ನು ಯಾರೂ "ನೀವು ತಮಿಳುನಾಡಲ್ಲಿ ಇರೋರಲ್ವಾ" ಎಂದು ಬಾಗಿಲಲ್ಲಿ ತಡೆಯುವುದಿಲ್ಲ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಒಮ್ಮೆ ಹೆಸರು ನೋಂದಾಯಿಸಿಕೊಂಡರೆ ಧಾರವಾಡದಲ್ಲೂ ವಾದಿಸಬಹುದು, ಪಟ್ನಾದಲ್ಲೂ ವಾದಿಸಬಹುದು. 1961ರ ವಕೀಲರ ಕಾಯ್ದೆಯ 30ನೇ ಸೆಕ್ಷನ್ ಹೇಳುವುದು ಇದನ್ನೇ. ಈ ಸೆಕ್ಷನ್ ಜಾರಿಗೆ ಬಂದದ್ದು ಮಾತ್ರ 2011ರ ಜೂನ್ 15ರಂದು. ಐವತ್ತು ವರ್ಷ ಅದು ಪುಸ್ತಕದಲ್ಲೇ ಮಲಗಿತ್ತು. ಇನ್ನೊಂದು ವಿಷಯ, ನಮ್ಮಲ್ಲಿ ಎರಡು ರಾಜ್ಯಗಳ ಪಟ್ಟಿಯಲ್ಲಿ ಒಬ್ಬರದೇ ಹೆಸರು ಇರುವಂತಿಲ್ಲ. ರಾಜ್ಯ ಬದಲಿಸಿದರೆ ಹೆಸರನ್ನು ವರ್ಗಾಯಿಸಿಕೊಳ್ಳಬೇಕು.

ಅಮೆರಿಕದಲ್ಲಿ ಇದು ತಿರುವುಮುರುವು. 50 ರಾಜ್ಯ, ಜೊತೆಗೆ ರಾಜಧಾನಿ ವಾಷಿಂಗ್ಟನ್. ಪ್ರತಿಯೊಂದಕ್ಕೂ ತನ್ನದೇ ಸನ್ನದು, ತನ್ನದೇ ಪರೀಕ್ಷೆ, ತನ್ನದೇ ಶಿಸ್ತು ಸಮಿತಿ. ಇಲಿನಾಯ್‌ನಲ್ಲಿ ಇಪ್ಪತ್ತು ವರ್ಷ ವಕೀಲಿ ಮಾಡಿದವರೂ ವರ್ಜೀನಿಯಾದ ಗಡಿ ದಾಟಿದ ಕೂಡಲೇ ಆ ರಾಜ್ಯದ ಮಟ್ಟಿಗೆ ಸನ್ನದಿಲ್ಲದವರು. ಇದನ್ನು ಹಗುರವಾಗಿ ತೆಗೆದುಕೊಂಡವರಿಗೆ ಪೆಟ್ಟು ಬಿದ್ದಿದೆ. ನ್ಯೂಯಾರ್ಕಿನ ಒಂದು ವಕೀಲರ ಸಂಸ್ಥೆಯವರು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಒಬ್ಬ ಕಕ್ಷಿದಾರರ ಪರವಾಗಿ ಮಾತುಕತೆ ನಡೆಸಿದರು, ಸಲಹೆ ಕೊಟ್ಟರು. ಶುಲ್ಕ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ. ಕ್ಯಾಲಿಫೋರ್ನಿಯಾದ ಸನ್ನದು ಇಲ್ಲದೆ ಅಲ್ಲಿ ಮಾಡಿದ ಕೆಲಸಕ್ಕೆ ಶುಲ್ಕ ಕೇಳುವ ಹಕ್ಕಿಲ್ಲ ಎಂದು ಆ ರಾಜ್ಯದ ಸುಪ್ರೀಂ ಕೋರ್ಟು 1998ರಲ್ಲಿ ಹೇಳಿತು. ಕೆಲಸ ಕೆಟ್ಟದಾಗಿತ್ತು ಎಂದು ಕೋರ್ಟು ಹೇಳಲಿಲ್ಲ. ಮಾಡಿದ ಜಾಗ ಸರಿ ಇರಲಿಲ್ಲ.

ಹಾಗಾಗಿ ಅಲ್ಲಿಯ ವಕೀಲರು ಒಂದಕ್ಕಿಂತ ಜಾಸ್ತಿ ಸನ್ನದು ಸಂಪಾದಿಸುತ್ತಾರೆ. ದಾರಿ ಮುಖ್ಯವಾಗಿ ಎರಡು. ಆ ರಾಜ್ಯದ ಪರೀಕ್ಷೆ ಬರೆಯುವುದು ಒಂದು. ಇಷ್ಟು ವರ್ಷ ಬೇರೆ ಕಡೆ ಕೆಲಸ ಮಾಡಿದ್ದೇನೆ, ಪರೀಕ್ಷೆ ಇಲ್ಲದೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕುವುದು ಇನ್ನೊಂದು. ಒಂದೇ ಒಂದು ಕೇಸಿಗೆ ಬೇಕಾದರೆ ಸ್ಥಳೀಯ ವಕೀಲರನ್ನು ಜೊತೆಗಿಟ್ಟುಕೊಂಡು ಕೋರ್ಟಿನ ಅನುಮತಿ ಕೇಳಬಹುದು. ಆದರೆ ಅದು ಆ ಕೇಸಿನ ಜೊತೆಗೇ ಮುಗಿಯುತ್ತದೆ.

ನದಿಯ ಆಚೆ ಈಚೆ

ಫ್ರೀಡ್‌ಮನ್ ಅವರ ವೃತ್ತಿಯನ್ನು ಒಂದು ನಕ್ಷೆ ಮುಂದಿಟ್ಟುಕೊಂಡು ನೋಡಿದರೆ ಮಜಾ ಇದೆ.

1977ರಲ್ಲಿ ಇಲಿನಾಯ್‌ನಲ್ಲಿ ಪರೀಕ್ಷೆ ಬರೆದು ಸನ್ನದು ಪಡೆದರು. ಆದರೆ ಅದೇ ವರ್ಷ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ನೌಕಾಪಡೆ ಇಲಾಖೆಯ ನಾಗರಿಕ ವಕೀಲರಾಗಿ ಕೆಲಸಕ್ಕೆ ಸೇರಿದರು. ಇಲಿನಾಯ್ ಸನ್ನದು ಇಟ್ಟುಕೊಂಡು ವರ್ಜೀನಿಯಾದಲ್ಲಿ ಕೆಲಸ ಹೇಗೆ ಅಂತೀರಾ? ಕೇಂದ್ರ ಸರ್ಕಾರದ ವಕೀಲರಿಗೆ ಯಾವುದಾದರೂ ಒಂದು ರಾಜ್ಯದ ಸನ್ನದು ಇದ್ದರೆ ಸಾಕು. ವಲಸೆ ಕಾನೂನೂ ಹೀಗೆಯೇ. ಅದು ಪೂರ್ತಿ ಕೇಂದ್ರದ ವಿಷಯ. ಟೆಕ್ಸಾಸ್‌ನಲ್ಲಿ ಕೆಲಸ ಮಾಡುವ ನಮ್ಮ ಹುಡುಗರ ಎಚ್-1ಬಿ ಕಾಗದ ಪತ್ರಗಳನ್ನು ನ್ಯೂಜೆರ್ಸಿಯ ವಕೀಲರು ನೋಡಿಕೊಳ್ಳಬಹುದು. ಅದೇ ವಕೀಲರ ಹತ್ತಿರ ಟೆಕ್ಸಾಸ್‌ನ ಮನೆ ಬಾಡಿಗೆ ಜಗಳ ತೆಗೆದುಕೊಂಡು ಹೋದರೆ, ಆ ರಾಜ್ಯದ ಸನ್ನದು ಇಲ್ಲದಿದ್ದರೆ, ಅವರು ಕೈ ಮುಗಿಯುತ್ತಾರೆ.

1980ರಲ್ಲಿ ಅವರಿಗೆ ವಾಷಿಂಗ್ಟನ್‌ನ ಸನ್ನದು ಸಿಕ್ಕಿತು, ಪರೀಕ್ಷೆ ಇಲ್ಲದೆ. 1982ರಿಂದ 1986ರವರೆಗೆ ಅಲ್ಲೇ ಖಾಸಗಿ ವಕೀಲಿ. ಆಗ ಮನೆ ವರ್ಜೀನಿಯಾದಲ್ಲಿ, ಕೆಲಸ ನದಿ ದಾಟಿ ವಾಷಿಂಗ್ಟನ್‌ನಲ್ಲಿ. ಯಾರೂ ಏನೂ ಅನ್ನಲಿಲ್ಲ. 1986ರ ಜನವರಿಯಲ್ಲಿ ಇಆರ್‌ಸಿ ಇಂಟರ್‌ನ್ಯಾಷನಲ್ ಎಂಬ ಕಂಪನಿಯ ಕಾನೂನು ವಿಭಾಗ ಸೇರಿದರು. ಕರಾರು ಪತ್ರ ಬರೆಯುವುದು, ಕಂಪನಿಗೆ ಸಲಹೆ ಕೊಡುವುದು ಅವರ ಕೆಲಸ. ಸಲಹೆ ಯಾವ ಕಾನೂನಿನ ಮೇಲೆ? ವರ್ಜೀನಿಯಾದ ಕಾನೂನಿನ ಮೇಲೆ. ಮುಂದಿನ ತಿಂಗಳೇ ಮದುವೆ, ಚೆವರ್ಲಿಯ ಮನೆ.

ಈಗ ಅವರು ಬೆಳಿಗ್ಗೆ ಕಾರು ಹತ್ತಿ ನೇರ ದಾರಿ ಹಿಡಿದರೆ ಮೂರು ಸೀಮೆ ದಾಟಬೇಕು. ಮೇರಿಲ್ಯಾಂಡಿನಲ್ಲಿ ಮನೆ. ವಾಷಿಂಗ್ಟನ್‌ನಲ್ಲಿ ಸನ್ನದು ಇದೆ, ಆದರೆ ಈಗ ಅಲ್ಲಿ ಆಫೀಸಿಲ್ಲ. ವರ್ಜೀನಿಯಾದಲ್ಲಿ ಆಫೀಸು ಇದೆ, ಸನ್ನದು ಇಲ್ಲ. ಮೊದಲ ಸನ್ನದು ಕೊಟ್ಟ ಇಲಿನಾಯ್ ಎಲ್ಲೋ ದೂರದಲ್ಲಿ.

ವರ್ಜೀನಿಯಾದ ನಿಯಮ ಪರೀಕ್ಷೆ ಇಲ್ಲದೆ ಸೇರಬೇಕೆನ್ನುವವರಿಗೆ ಮುಖ್ಯವಾಗಿ ಮೂರು ಷರತ್ತು ಹಾಕಿತ್ತು. ಬೇರೆ ಕಡೆ ಕನಿಷ್ಠ ಐದು ವರ್ಷದ ಸನ್ನದು ಇರಬೇಕು. ವರ್ಜೀನಿಯಾದಲ್ಲಿ ಪೂರ್ಣಾವಧಿ ವಕೀಲಿ ಮಾಡುವವರಾಗಿರಬೇಕು. ವರ್ಜೀನಿಯಾದ ಕಾಯಂ ನಿವಾಸಿಯಾಗಿರಬೇಕು. ಮೊದಲ ಎರಡಕ್ಕೆ ಅವರದು ಸಲೀಸು.

ಅರ್ಜಿಯ ಜೊತೆ ಅವರು ಒಂದು ಪತ್ರ ಇಟ್ಟರು. ನನಗೆ ಈ ಪ್ರಕರಣದಲ್ಲಿ ಹೆಚ್ಚು ಇಷ್ಟವಾದದ್ದು ಆ ಪತ್ರವೇ. ನನ್ನ ವಿಳಾಸ ಬದಲಾಗಿದೆ, ಈಗ ನಾನು ಮೇರಿಲ್ಯಾಂಡಿನಲ್ಲಿ ಇದ್ದೇನೆ ಎಂದು ತಾವೇ ಹೇಳಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಹಳೇ ವಿಳಾಸ ಬರೆದು ಸುಮ್ಮನಿರುತ್ತಿದ್ದರೇನೋ. ರೇಷನ್ ಕಾರ್ಡನ್ನು ಊರಲ್ಲೇ ಬಿಟ್ಟು ಬೆಂಗಳೂರಲ್ಲಿ ಇಪ್ಪತ್ತು ವರ್ಷ ಕಳೆದವರು ನಮ್ಮಲ್ಲಿ ಕಡಿಮೆಯೇ? ಫ್ರೀಡ್‌ಮನ್ ಹಾಗೆ ಮಾಡಲಿಲ್ಲ. ಪೂರ್ಣಾವಧಿ ಇಲ್ಲೇ ಕೆಲಸ ಮಾಡುತ್ತೇನೆ, ಕೋರ್ಟು ಕರೆದಾಗ ಬರುತ್ತೇನೆ, ನೋಟಿಸು ಕೊಟ್ಟರೆ ಸಿಗುತ್ತೇನೆ, ಇಲ್ಲಿಯ ನಿಯಮಗಳನ್ನು ತಿಳಿದುಕೊಂಡಿರುತ್ತೇನೆ ಎಂದು ಭರವಸೆ ಕೊಟ್ಟರು. ಕೊನೆಗೆ ಹಿಂದಿನ ವರ್ಷದ ಒಂದು ತೀರ್ಪನ್ನು ನೆನಪಿಸಿದರು. ಅದು ಪೈಪರ್ ಪ್ರಕರಣ.

ಎರಡು ಫರ್ಲಾಂಗಿನ ಕೇಸು

ಕ್ಯಾಥರಿನ್ ಪೈಪರ್ ಅವರ ಮನೆ ವರ್ಮಾಂಟ್ ರಾಜ್ಯದ ಲೋಯರ್ ವಾಟರ್‌ಫರ್ಡ್‌ನಲ್ಲಿತ್ತು. ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗಡಿಗೆ ಅಲ್ಲಿಂದ ಸುಮಾರು 400 ಗಜ. ಎರಡು ಫರ್ಲಾಂಗೂ ಇಲ್ಲ. 1980ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪರೀಕ್ಷೆ ಬರೆದು ಪಾಸಾದರು. ನಡತೆ ಒಳ್ಳೆಯದು ಎಂದೂ ಮಂಡಳಿ ಒಪ್ಪಿತು. ಪ್ರಮಾಣವಚನಕ್ಕೆ ಮುಂಚೆ ಇಲ್ಲಿ ಮನೆ ಮಾಡಿ ಎಂದಿತು. ಪೈಪರ್ ಅವರಿಗೆ ಆಗ ತಾನೇ ಮಗು ಹುಟ್ಟಿತ್ತು. ವರ್ಮಾಂಟಿನ ಮನೆಯ ಮೇಲೆ ಕಡಿಮೆ ಬಡ್ಡಿಯ ಸಾಲ ಇತ್ತು. ಅಂಥ ಸಾಲವನ್ನು ಯಾರು ಬಿಡುತ್ತಾರೆ? ನನ್ನೊಬ್ಬಳಿಗೆ ವಿನಾಯಿತಿ ಕೊಡಿ ಎಂದು ಕೇಳಿದರು. ಕೊಡಲಿಲ್ಲ. 1982ರಲ್ಲಿ ಅವರು ಕೇಂದ್ರದ ಜಿಲ್ಲಾ ಕೋರ್ಟಿನಲ್ಲಿ ದಾವೆ ಹಾಕಿದರು. ಪ್ರತಿವಾದಿಗಳು ಯಾರು ಗೊತ್ತೇ? ನ್ಯೂ ಹ್ಯಾಂಪ್‌ಶೈರ್‌ನ ಸುಪ್ರೀಂ ಕೋರ್ಟು, ಅದರ ಐವರು ನ್ಯಾಯಮೂರ್ತಿಗಳು ಮತ್ತು ಅವರ ರಿಜಿಸ್ಟ್ರಾರ್. ನಾಳೆ ಯಾರ ಮುಂದೆ ನಿಂತು ವಾದಿಸಬೇಕೋ ಅವರ ಮೇಲೆಯೇ ದಾವೆ.

ಅವರು ಹಿಡಿದುಕೊಂಡದ್ದು ಅಮೆರಿಕದ ಸಂವಿಧಾನದ ನಾಲ್ಕನೇ ಅನುಚ್ಛೇದದ ಒಂದು ಸಾಲನ್ನು. ಒಂದು ರಾಜ್ಯದವರು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿಯವರಿಗೆ ಇರುವ ಮುಖ್ಯ ಹಕ್ಕುಗಳು ಇವರಿಗೂ ಇರಬೇಕು ಎನ್ನುತ್ತದೆ ಅದು. ಈ ಸಾಲಿಗೆ ಹಲ್ಲು ಬಂದದ್ದು ಸಿಗಡಿ ಹಿಡಿಯುವವರಿಂದ. ದಕ್ಷಿಣ ಕೆರೊಲಿನಾದಲ್ಲಿ ಸಿಗಡಿ ದೋಣಿಯ ಪರವಾನಗಿಗೆ ಸ್ಥಳೀಯರಿಗೆ 25 ಡಾಲರ್, ಹೊರಗಿನವರಿಗೆ 2,500 ಡಾಲರ್ ಇಟ್ಟಿದ್ದರು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಹೊಟ್ಟೆಪಾಡಿನ ವಿಷಯದಲ್ಲಿ ಹೀಗೆ ಮಾಡುವಂತಿಲ್ಲ ಎಂದಿತು. ಬೇಟೆಯ ಶೋಕಿಗೆ ಮಾತ್ರ ಈ ರಕ್ಷಣೆ ಇಲ್ಲ. 1978ರಲ್ಲಿ ಮಾಂಟಾನಾದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಗಿನವರ ಹತ್ತಿರ ಜಾಸ್ತಿ ದುಡ್ಡು ತೆಗೆದುಕೊಳ್ಳುವುದನ್ನು ಅದೇ ಕೋರ್ಟು ಒಪ್ಪಿತು. ಹಾಗಾದರೆ ವಕೀಲಿ ಸಿಗಡಿಯೋ ಎಲ್ಕೋ? 1985ರ ಮಾರ್ಚ್ 4ರಂದು ಎಂಟು ನ್ಯಾಯಮೂರ್ತಿಗಳು ಪೈಪರ್ ಪರ ನಿಂತರು. ವಕೀಲಿಯೂ ಹೊಟ್ಟೆಪಾಡೇ ಎಂದಾಯಿತು.

ನ್ಯೂ ಹ್ಯಾಂಪ್‌ಶೈರ್ ನಾಲ್ಕು ಕಾರಣ ಕೊಟ್ಟಿತ್ತು. ಹೊರಗಿರುವವರಿಗೆ ಇಲ್ಲಿಯ ನಿಯಮ ಗೊತ್ತಿರುವುದಿಲ್ಲ, ನೀತಿಯಿಂದ ನಡೆಯುವುದು ಕಡಿಮೆ, ಕೋರ್ಟಿಗೆ ಬೇಕಾದಾಗ ಸಿಗುವುದಿಲ್ಲ, ಬಡವರಿಗೆ ಪುಕ್ಕಟೆ ಕೆಲಸ ಮಾಡುವುದಿಲ್ಲ. ಎಲ್ಲವೂ ಸುಮ್ನೆ ಊಹೆ. ತಮಾಷೆ ಎಂದರೆ ಅದೇ ನಿಯಮದ ಪ್ರಕಾರ ಸನ್ನದು ಪಡೆದ ಮೇಲೆ ರಾಜ್ಯ ಬಿಟ್ಟು ಹೋದರೆ ಸನ್ನದು ಹೋಗುತ್ತಿರಲಿಲ್ಲ. ಪ್ರಮಾಣವಚನದ ದಿನ ಅಲ್ಲಿ ಮನೆ ಇದ್ದರಾಯಿತು. ತೀರ್ಪು ಬರೆದ ನ್ಯಾಯಮೂರ್ತಿ ಪೊವೆಲ್ ಈ ತೂತನ್ನು ಎತ್ತಿ ತೋರಿಸಿದರು.

ಒಬ್ಬರೇ ಭಿನ್ನವಾಗಿ ಬರೆದರು, ನ್ಯಾಯಮೂರ್ತಿ ರೆನ್‌ಕ್ವಿಸ್ಟ್. ವಕೀಲರು ಬೇರೆ ಕಸುಬಿನವರ ಹಾಗಲ್ಲ, ರಾಜ್ಯದ ಕಾನೂನು ರೂಪಿಸುವವರಲ್ಲಿ ಅವರೂ ಇರುತ್ತಾರೆ, ಅವರು ಅಲ್ಲೇ ಇರಲಿ ಎಂದು ರಾಜ್ಯ ಬಯಸಿದರೆ ತಪ್ಪೇನು ಎಂಬುದು ಅವರ ವಾದ. ನಾನು ಇದನ್ನು ಪೂರ್ತಿ ತಳ್ಳಿಹಾಕಲಾರೆ. ತಾಲ್ಲೂಕು ಕೋರ್ಟಿನ ವಕೀಲರಿಗೆ ಊರಿನ ಜಮೀನು ಜಗಳಗಳ ಮೂರು ತಲೆಮಾರಿನ ಕಥೆ ಗೊತ್ತಿರುತ್ತದೆ. ಅದಕ್ಕೊಂದು ಬೆಲೆ ಇದೆ. ಆದರೆ ಆ ಬೆಲೆ ಎರಡು ಫರ್ಲಾಂಗಿನಲ್ಲಿ ಇಳಿದುಹೋಗುವಂಥದ್ದಲ್ಲ.

ಮತ್ತೆ ವರ್ಜೀನಿಯಾಕ್ಕೆ

ಪೈಪರ್ ತೀರ್ಪು ಇಷ್ಟು ಸ್ಪಷ್ಟವಾಗಿದ್ದರೂ ವರ್ಜೀನಿಯಾ ಒಂದು ಸಂದು ಹುಡುಕಿತು. ಪೈಪರ್ ಪರೀಕ್ಷೆ ಬರೆದವರು. ಆ ತೀರ್ಪು ಪರೀಕ್ಷೆಯ ದಾರಿಗೆ ಮಾತ್ರ, ಪರೀಕ್ಷೆ ಇಲ್ಲದೆ ಸೇರುವುದಕ್ಕೆ ಅದು ಅನ್ವಯಿಸುವುದಿಲ್ಲ ಎಂದಿತು. ನಮ್ಮ ಪರೀಕ್ಷೆಗೆ ಯಾವ ರಾಜ್ಯದವರೂ ಕೂರಬಹುದು, ಫ್ರೀಡ್‌ಮನ್ ಅವರೂ ಬಂದು ಬರೆಯಲಿ ಎಂದಿತು. ಅಂದರೆ ಪರೀಕ್ಷೆ ಬರೆದರೆ ಮೇರಿಲ್ಯಾಂಡಿನಲ್ಲಿ ಮಲಗಬಹುದು. ಪರೀಕ್ಷೆ ಬೇಡ ಅಂದರೆ ವರ್ಜೀನಿಯಾದಲ್ಲೇ ಮಲಗಬೇಕು.

ಒಂಬತ್ತು ವರ್ಷ ಕೆಲಸ ಮಾಡಿದ ವಕೀಲರಿಗೆ ಮತ್ತೆ ಪರೀಕ್ಷೆ ಅಂದರೆ ಸುಮ್ಮನೆ ಎರಡು ದಿನದ ಮಾತಲ್ಲ. ಕೆಲಸದ ನಡುವೆ ತಿಂಗಳುಗಟ್ಟಲೆ ಓದಬೇಕು. ಎಂದೋ ಮರೆತ ವಿಷಯಗಳನ್ನು ಮತ್ತೆ ಬಾಯಿಪಾಠ ಮಾಡಬೇಕು. ಅವರು ಓದುವುದರ ಬದಲು ದಾವೆ ಹಾಕಿದರು. ಜಿಲ್ಲಾ ಕೋರ್ಟಿನಲ್ಲಿ ಗೆದ್ದರು. ಮೇಲ್ಮನವಿ ಕೋರ್ಟಿನಲ್ಲೂ ಗೆದ್ದರು, ಅದೂ ಒಮ್ಮತದಿಂದ. ವರ್ಜೀನಿಯಾ ಬಿಡಲಿಲ್ಲ. 1988ರ ಜೂನ್ 20ರಂದು ಸುಪ್ರೀಂ ಕೋರ್ಟು ಏಳು–ಎರಡರಲ್ಲಿ ಅವರ ಪರ ತೀರ್ಪು ಕೊಟ್ಟಿತು.

ತೀರ್ಪು ಬರೆದವರು ನ್ಯಾಯಮೂರ್ತಿ ಕೆನಡಿ. ಆ ವರ್ಷದ ಫೆಬ್ರುವರಿಯಲ್ಲಷ್ಟೇ ಕೋರ್ಟಿಗೆ ಬಂದಿದ್ದವರು. ಬೇರೆ ಬಾಗಿಲು ತೆರೆದಿದೆಯಲ್ಲ ಎಂಬ ವಾದ ಅವರಿಗೆ ಒಪ್ಪಿಗೆಯಾಗಲಿಲ್ಲ. ಎಷ್ಟು ಬಾಗಿಲು ಇದೆ ಎಂಬುದು ಪ್ರಶ್ನೆಯಲ್ಲ, ನಿವಾಸಿಗೆ ಒಂದು ಷರತ್ತು, ಹೊರಗಿನವರಿಗೆ ಇನ್ನೊಂದು ಇದೆಯೇ ಎಂಬುದು ಪ್ರಶ್ನೆ ಎಂದರು. ವರ್ಜೀನಿಯಾದ ಮೇಲೆ ಶ್ರದ್ಧೆ ಇರುವವರು ಬೇಕು ಎಂಬ ವಾದಕ್ಕೆ ಫ್ರೀಡ್‌ಮನ್ ಅವರನ್ನೇ ಉತ್ತರವಾಗಿ ತೋರಿಸಿದರು. ಅನ್ನ ಸಂಪಾದಿಸುತ್ತಿರುವುದೇ ಅಲ್ಲಿ, ಅಲ್ಲಿಯ ಕಂಪನಿಗೆ ಅಲ್ಲಿಯ ಕಾನೂನು ಹೇಳುತ್ತಾ. ಪೂರ್ಣಾವಧಿ ಕೆಲಸ ಮಾಡುತ್ತಾರೋ ಇಲ್ಲವೋ ಎಂದು ನೋಡಬೇಕಾದರೆ ಆಫೀಸು ನೋಡಿ, ಮನೆ ಯಾಕೆ ನೋಡುತ್ತೀರಿ ಎಂಬುದು ಆ ತೀರ್ಪಿನ ತಿರುಳು.

ರೆನ್‌ಕ್ವಿಸ್ಟ್ ಆ ಹೊತ್ತಿಗೆ ಮುಖ್ಯ ನ್ಯಾಯಮೂರ್ತಿ. ಮತ್ತೆ ಭಿನ್ನವಾಗಿ ಬರೆದರು, ಈ ಸಲ ನ್ಯಾಯಮೂರ್ತಿ ಸ್ಕಾಲಿಯಾ ಜೊತೆಗಿದ್ದರು. ವರ್ಜೀನಿಯಾ ಅರ್ಧ ಬಾಗಿಲಾದರೂ ತೆರೆದಿತ್ತು, ತೆರೆಯದೇ ಇದ್ದ ರಾಜ್ಯಗಳಿಗೆ ಏನೂ ಇಲ್ಲ, ತೆರೆದ ರಾಜ್ಯಕ್ಕೆ ಪೆಟ್ಟು, ನಾಳೆ ಅದು ಇಡೀ ಬಾಗಿಲನ್ನೇ ಮುಚ್ಚಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಮಾತು ನ್ಯಾಯವಾದದ್ದೇ. ಆದರೆ ವರ್ಜೀನಿಯಾ ಬಾಗಿಲು ಮುಚ್ಚಲಿಲ್ಲ. ಕ್ಯಾಲಿಫೋರ್ನಿಯಾದಂಥ ದೊಡ್ಡ ರಾಜ್ಯ ಮಾತ್ರ ಈಗಲೂ ಹೊರಗಿನ ವಕೀಲರಿಂದ ಪರೀಕ್ಷೆ ಬರೆಸುತ್ತದೆ. ನಾಲ್ಕು ವರ್ಷ ಅನುಭವ ಇದ್ದವರಿಗೆ ಸ್ವಲ್ಪ ಚಿಕ್ಕ ಪರೀಕ್ಷೆ. ಇನ್ನೊಂದು ಕಡೆ ಅದೇ ಕ್ಯಾಲಿಫೋರ್ನಿಯಾ ಬೇರೆ ದೇಶದಲ್ಲಿ ಆಗಲೇ ವಕೀಲರಾಗಿರುವವರನ್ನು ನೇರವಾಗಿ ಪರೀಕ್ಷೆಗೆ ಕೂರಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಓದಿ, ಇಲ್ಲೇ ಸನ್ನದು ಪಡೆದು ಅಲ್ಲಿಗೆ ಹೋಗುವವರು ಇದನ್ನು ಗಮನಿಸುವುದು ಒಳ್ಳೆಯದು.

ಮನೆಯ ತಕರಾರು ಹೋಯಿತು, ಆಫೀಸಿನ ತಕರಾರು ಉಳಿಯಿತು. ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಇದ್ದ ಎಕಟೆರಿನಾ ಶೋನೆಫೆಲ್ಡ್ ಎಂಬ ವಕೀಲರಿಗೆ ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಮೂರೂ ಕಡೆಯ ಸನ್ನದು ಇತ್ತು. ಹೊರಗಿರುವ ವಕೀಲರು ನ್ಯೂಯಾರ್ಕಿನಲ್ಲಿ ವಕೀಲಿ ಮಾಡಲು ಆ ರಾಜ್ಯದೊಳಗೆ ಒಂದು ಆಫೀಸು ಇಟ್ಟಿರಬೇಕು ಎಂಬ ಕಾನೂನು ಇತ್ತು. ಅದರ ಬೇರು 1862ರಷ್ಟು ಹಳೆಯದು. ನ್ಯೂಯಾರ್ಕಿನಲ್ಲೇ ಇರುವವರಾದರೆ ಊಟದ ಮೇಜಿನ ಮೇಲೆ ಫೈಲು ಹರಡಿಕೊಂಡು ವಕೀಲಿ ಮಾಡಬಹುದಿತ್ತು. ಪ್ರಿನ್ಸ್‌ಟನ್‌ನವರು ಬಾಡಿಗೆ ಕಟ್ಟಬೇಕಿತ್ತು. ಶೋನೆಫೆಲ್ಡ್ 2008ರಲ್ಲಿ ದಾವೆ ಹಾಕಿ ಮೊದಲು ಗೆದ್ದರು. 2016ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಎರಡು–ಒಂದರಲ್ಲಿ ಸೋತರು. ಸ್ಥಳೀಯರಿಗೆ ಅನುಕೂಲ ಮಾಡಿಕೊಡುವ ಉದ್ದೇಶ ಆ ಕಾನೂನಿಗೆ ಇರಲಿಲ್ಲ ಎಂದಿತು ಕೋರ್ಟು. ಸುಪ್ರೀಂ ಕೋರ್ಟು ಕೇಸನ್ನು ಎತ್ತಿಕೊಳ್ಳಲಿಲ್ಲ. ನನಗೆ ಈ ತೀರ್ಪು ಹಿಡಿಸಲಿಲ್ಲ. ಬಾಡಿಗೆ ಕಟ್ಟುವವರಿಗೆ ಉದ್ದೇಶ ಕಟ್ಟಿಕೊಂಡು ಏನಾಗಬೇಕು? ನಗುವ ಮುಂಚೆ ನಮ್ಮದನ್ನೂ ನೋಡಿಕೊಳ್ಳೋಣ. ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್, ಅಂದರೆ ಕಕ್ಷಿದಾರರ ಪರವಾಗಿ ಅಲ್ಲಿ ಕೇಸು ದಾಖಲಿಸುವ ವಕೀಲರು, ಆಗಬೇಕಾದ ಬೆಂಗಳೂರಿನವರು ಕೋರ್ಟಿನಿಂದ 16 ಕಿಲೋಮೀಟರಿನ ಒಳಗೆ ಆಫೀಸು ಇಟ್ಟಿರಲೇಬೇಕು.

ಈಚೆಗೆ ಕೆಲವು ಗಂಟು ಸಡಿಲವಾಗಿವೆ. 2011ರಿಂದ ಹಲವು ರಾಜ್ಯಗಳು ಒಂದೇ ಪರೀಕ್ಷೆಯನ್ನು ಹಂಚಿಕೊಂಡಿವೆ. ಒಂದು ಕಡೆ ಬರೆದು, ಅಂಕವನ್ನು ಇನ್ನೊಂದು ಕಡೆಗೆ ಒಯ್ಯಬಹುದು. ನ್ಯೂಯಾರ್ಕಿಗೆ 400ಕ್ಕೆ 266 ಬೇಕು. 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆ, ಅಮೆರಿಕದ ವಕೀಲರ ಸಂಘ ಒಂದು ಅಭಿಪ್ರಾಯ ಹೊರಡಿಸಿತು. ಸನ್ನದು ಇಲ್ಲದ ರಾಜ್ಯದ ಮನೆಯಲ್ಲಿ ಕೂತು ಸನ್ನದು ಇರುವ ರಾಜ್ಯದ ಕೆಲಸ ಮಾಡಿದರೆ, ಅಲ್ಲಿ ಬೋರ್ಡು ಹಾಕಿಕೊಳ್ಳದಿದ್ದರೆ, ಆ ರಾಜ್ಯ ಬೇಡ ಅನ್ನದಿದ್ದರೆ, ತಪ್ಪಿಲ್ಲ ಎಂದಿತು. ಚೆವರ್ಲಿಯ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ವರ್ಜೀನಿಯಾದ ಕರಾರು ಬರೆಯುವುದಕ್ಕೆ ಈಗ ಅಂಥ ಅಡ್ಡಿ ಇಲ್ಲ.

ಆದರೆ ಸನ್ನದು ಜಾಸ್ತಿಯಾದಷ್ಟೂ ಲೆಕ್ಕ ಇಡುವುದೂ ಜಾಸ್ತಿ. ಫ್ರೀಡ್‌ಮನ್ ಕೇಳಿದ ಮೂರು ಸನ್ನದುಗಳನ್ನೇ ಇವತ್ತು ಒಬ್ಬರು ಇಟ್ಟುಕೊಂಡಿದ್ದಾರೆ ಅನ್ನಿ. ಇಲಿನಾಯ್‌ಗೆ ಎರಡು ವರ್ಷಕ್ಕೆ 30 ಗಂಟೆ ಕಾನೂನು ತರಗತಿಗೆ ಕೂತ ಲೆಕ್ಕ ತೋರಿಸಬೇಕು. ವರ್ಜೀನಿಯಾಕ್ಕೆ ವರ್ಷಕ್ಕೆ 12 ಗಂಟೆ, ಅಕ್ಟೋಬರ್ 31ರ ಒಳಗೆ. ವಾಷಿಂಗ್ಟನ್ ಹೊಸಬರಿಂದ ಒಂದು ತರಗತಿ ಕೇಳುತ್ತದೆ, ಆಮೇಲೆ ಏನೂ ಕೇಳುವುದಿಲ್ಲ. ಮೂರು ಕಡೆ ಶುಲ್ಕ. ಒಂದು ಕಡೆ ಶಿಸ್ತು ಕ್ರಮವಾಗಿ ಸನ್ನದು ಅಮಾನತಾದರೆ ಸಾಮಾನ್ಯವಾಗಿ ಉಳಿದೆರಡು ಕಡೆಯೂ ಅದೇ ಶಿಕ್ಷೆ ಹಿಂದೆಯೇ ಬರುತ್ತದೆ. ಮದುವೆಯಾಗಿ ಮನೆ ಬದಲಿಸಿದರೆ ಸನ್ನದಿಗೆ ಏನೂ ಆಗುವುದಿಲ್ಲ. ಮೂರು ಕಡೆಯೂ ವಿಳಾಸ ತಿದ್ದಿಸಬೇಕು, ಅಷ್ಟೇ.